ಸಾವಿರದ ಇನ್ನೂರರ ದಿನ

ಹೊಸಪೇಟೆಯ ಡಯಟ್ ಮೇಡಂ ದೇವಿಕಾ ಅವರಿಗೆ, ಸಂಡೂರಿನಿಂದ ಹುಲಿಗೆಮ್ಮ ಕೈಮುಗಿದು ಬರಿಯೋದು.

ನಾನು ಟಿಪ್ಪರ್ ಡ್ರೈವರ್ ಉಚ್ಚೆಂಗಪ್ಪನವರ ಹೆಂಡ್ತಿ. ಅವರ ತೂಕ ಇಳಿಸಾಕ ಒಂದಿನ ಎರಡು ಸಾವಿರ ಕ್ಯಾಲೊರಿ, ಮರುದಿನ ಸಾವಿರದ ಇನ್ನೂರು ಅಂತ ನೀವು ಚೀಟಿ ಬರದುಕೊಟ್ರಿ. ಮನಿಯೊಳಗ ಯಾರ್ಯಾರು ಅದೀರಿ ಅಂತ ಮಾತ್ರ ಕೇಳಲಿಲ್ಲ.

ಎರಡು ಸಾವಿರದ ದಿನ ಮಗಳನ್ನ ಹೆಗಲ ಮ್ಯಾಲೆ ಕುಂದರಿಸಿಕೊಂಡು ತಿರುಗ್ತಾರ. ಕಡಿಮಿ ದಿನ ಹಸಿವು ತಡಿಯಾಕ ಆಗಂಗಿಲ್ಲ. ಮೊದಲನೇ ವಾರ ತಾಟು ಎತ್ತಿ ಒಗದ್ರು. ಎರಡನೇ ವಾರ ನನ್ನ ಹಲ್ಲು ಮುರದ್ರು. ಈಗ ಮಗಳು ಸಾಲಿಯಿಂದ ಬಂದಾಕಿ, ಬಾಗಿಲ ಹೊರಗ ಗ್ವಾಡಿಗೆ ಅಂಟಿಸಿದ ಚೀಟಿಯೊಳಗ ಇವತ್ತು ಯಾವ ದಿನ ಅಂತ ನೋಡಿ ಆಮ್ಯಾಲೆ ಒಳಗ ಕಾಲಿಡ್ತಾಳ.

ಅದಕ್ಕ ನಾನು ಕಡಿಮಿ ದಿನ ರೊಟ್ಟಿ ಹಿಟ್ಟಿನೊಳಗ ಕದ್ದು ತುಪ್ಪ ಕಲಸೀನಿ. ತೂಕ ಎರಡು ಕೆಜಿ ಏರೈತಿ. "ಆ ಮೇಡಂ ನನಗ ಮೋಸ ಮಾಡ್ಯಾಳ" ಅಂತ ಗಾಡಿಯೊಳಗಿನ ರಾಡು ತಗದು ಬಾಗಿಲ ಹತ್ರ ಇಟ್ಟಾರ. ಗುರುವಾರ ನಿಮ್ಮ ಕ್ಲಿನಿಕ್ಕಿಗೆ ಬರ್ತಾರ.

ಗುರುವಾರ ಸಾವಿರದ ಇನ್ನೂರರ ದಿನ ಐತ್ರಿ. ಮುಂಜಾನೆ ತುಪ್ಪ ಡಬಲ್ ಹಾಕ್ತೀನಿ. ಆದ್ರೂ ನೀವು ಬಾಗಿಲು ತಗೀಬ್ಯಾಡ್ರಿ. ಒಡದು ಒಳಗ ಬಂದ್ರೂ ತುಪ್ಪದ ಮಾತು ಹೇಳಬ್ಯಾಡ್ರಿ.

ನಿಮ್ಮ ತಂಗಿ ಅಂತ ತಿಳೀರಿ,
ಹುಲಿಗೆಮ್ಮ