ನಾಲ್ಕೇ ದಿನದಲ್ಲಿ ಹುಟ್ಟಿದ ಸಸಿ

ಅಗಡಿ,
೨ ಜೂನ್, ಸೋಮವಾರ

ನಮ್ಮ ಫೌಜಿ ಸಾಹೇಬರಿಗೆ ಅರುಣಾ ಮಾಡುವ ನಮಸ್ಕಾರಗಳು.

ನೀವು ಆರಾಮ ಇದ್ದೀರಿ ಎಂದು ಹೋದ ವಾರ ಬಂದ ಕಾಗದದಲ್ಲಿದೆ. ಇರಲಿ, ಆ ಕಾಗದದ ಮಾತು ಕೊನೆಗೆ. ಊಟ ಸೇರುತ್ತದೆಯೇ? ನಿದ್ದೆ ಬರುತ್ತದೆಯೇ? ಏನು ಕೇಳಿದರೂ ‘ಆರಾಮ’ ಎನ್ನುವವರು ನೀವು, ಆದರೂ ಕೇಳುತ್ತೇನೆ. ಗಡಿಯಲ್ಲಿ ಗುಂಡು ನಿಂತಿವೆ ಎಂದು ಟಿವಿಯವರು ಹೇಳಿದ್ದರು. ಮೊನ್ನೆ ಮೊನ್ನೆ ಕಿರುಚಿಕೊಂಡವರೂ ಅವರೇ, ಯಾವುದನ್ನು ನಂಬಬೇಕು? ಲಡಾಯಿ ಶುರುವಾದಾಗಿನಿಂದ ನನಗೆ ಯಾರ ಮೇಲೂ ಭರವಸೆ ಇಲ್ಲ. ಹಾಲು ಹಾಕುವವಳು ಬಾಗಿಲಲ್ಲಿ ಎರಡು ನಿಮಿಷ ಹೆಚ್ಚು ನಿಂತರೆ ಇವಳಿಗೆ ಏನೋ ಸುದ್ದಿ ಗೊತ್ತಿದೆ ಅನಿಸುತ್ತದೆ. ನಮ್ಮ ಮನೆಯ ಒಳಗಿನವರನ್ನೂ ಬಿಟ್ಟಿಲ್ಲ. ಅದನ್ನೇ ಬರೆಯಲು ಕುಳಿತೆ.

ರಜೆ ಅರ್ಧಕ್ಕೇ ರದ್ದಾಗಿ ಹೊರಟ ದಿನ ನೀವು ರಾಶಿಯಲ್ಲಿ ಕೈಯಾಡಿಸಿ ಒಳ್ಳೆಯ ಇಪ್ಪತ್ತು ಬ್ಯಾಡಗಿ ಮೆಣಸಿನಕಾಯಿ ಆರಿಸಿ, ಬಟ್ಟೆಯಲ್ಲಿ ಕಟ್ಟಿ, ಅಡುಗೆಮನೆಯ ಗೂಟಕ್ಕೆ ಹಾಕಿದಿರಲ್ಲ, “ಇವು ಬೀಜದ್ದು. ಹಿತ್ತಲದಾಗ ಸಸಿ ಮಾಡ್ರಿ, ನಾಟಿಗೆ ನಾ ಬರತೇನಿ” ಎಂದು. ಬಸ್ಸು ಹತ್ತುವ ಗಡಿಬಿಡಿಯಲ್ಲಿ ಆಡಿದ ಮಾತು, ನಿಮಗೆ ನೆನಪಿದೆಯೋ ಇಲ್ಲವೋ. ನಾನು ಮಾತ್ರ ಅದನ್ನು ಸೆರಗಿಗೆ ಗಂಟು ಹಾಕಿಕೊಂಡೆ. ಬೀಜ ಹುಟ್ಟಿದರೆ ನೀವು ಬರುತ್ತೀರಿ, ಹುಟ್ಟದಿದ್ದರೆ ಮುಂದಿನದನ್ನು ಬರೆಯಲು ಕೈ ಬರುವುದಿಲ್ಲ. ಮದುವೆಗೆ ಮೊದಲು ಕುಪ್ಪೇಲೂರಿನಲ್ಲಿ ಬಿತ್ತನೆ ಬೀಜ ಬೆಳೆಯುವ ಪ್ಲಾಟಿನಲ್ಲಿ ಐದು ವರ್ಷ ದುಡಿದವಳು ನಾನು. ಬೀಜಕ್ಕೆ ಗಡಿಯ ಸುದ್ದಿ ತಿಳಿಯುವುದಿಲ್ಲ ಎಂದು ನನಗೆ ಗೊತ್ತಿಲ್ಲವೇ? ಆದರೂ ಮನಸ್ಸು ಕೇಳಲಿಲ್ಲ.

ಬೀಜ ಹಾಕುವ ದಿನ ಅತ್ತೆ ನನ್ನನ್ನು ಹಿತ್ತಲಿಗೇ ಬಿಡಲಿಲ್ಲ. ಗಂಟು ಎಲ್ಲಿ ಎಂದರೆ “ನಾ ಎಲ್ಲಾ ಹಾಕೇನಿ, ನೀ ಒಳಗ ನಡಿ” ಎಂದು ಗದರಿದರು. ಅವತ್ತು ಶನಿವಾರ. ಮಂಗಳವಾರ ಹಲ್ಲು ನೋವು, ಹಾವೇರಿಗೆ ಹೋಗಿ ತೋರಿಸಿ ಬರುತ್ತೇನೆ ಎಂದು ದೊಡ್ಡ ಚೀಲ ಹಿಡಿದು ಹೊರಟರು. ನಿಮ್ಮ ಅವ್ವನ ಬಾಯಲ್ಲಿ ಉಳಿದಿರುವುದೇ ನಾಲ್ಕು ಹಲ್ಲು, ಅವಕ್ಕೆ ಅಷ್ಟು ದೊಡ್ಡ ಚೀಲ ಯಾಕೆ ಎಂದು ಅಂದುಕೊಂಡೆ. ಬುಧವಾರ ಬೆಳಿಗ್ಗೆ ಎದ್ದು ನೋಡಿದರೆ ಹಿತ್ತಲ ಮಡಿಯ ತುಂಬ ಸಸಿ! ಒಂದೊಂದಕ್ಕೂ ನಾಲ್ಕೆಲೆ, ಎಲ್ಲವೂ ಒಂದೇ ಎತ್ತರ. ಅತ್ತೆ ನಗುತ್ತಾ, “ನೋಡ, ನನ್ನ ಮಗನ ಬೀಜ ಎಷ್ಟ ಲಗೂ ಹುಟ್ಟ್ಯಾವ” ಎಂದರು. ಒಂದು ಗಳಿಗೆ ನನಗೂ ಹಿಗ್ಗಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಬೆರಳು ಮಡಚಿ ದಿನ ಎಣಿಸಿದೆ. ಮೆಣಸಿನ ಬೀಜ ಮಣ್ಣು ಬಿಟ್ಟು ತಲೆ ಎತ್ತಲು ಎಂಟು ಹತ್ತು ದಿನ ಬೇಕು. ನಾಲ್ಕು ದಿನಕ್ಕೆ ನಾಲ್ಕೆಲೆ ಯಾವ ದೇವರೂ ಕೊಡುವುದಿಲ್ಲ.

ಅತ್ತೆ ಸ್ನಾನಕ್ಕೆ ಹೋದಾಗ ಒಂದು ಸಸಿ ಕಿತ್ತು ನೋಡಿದೆ. ಬೇರಿನ ಸುತ್ತ ತೆಂಗಿನ ನಾರಿನ ಪುಡಿ, ಸಸಿ ಮಾರುವವರು ಟ್ರೇಯಲ್ಲಿ ತುಂಬುತ್ತಾರಲ್ಲ, ಅದೇ. ಚೀಲ ಝಾಡಿಸಿದರೆ ಬಸ್ಸಿನ ಹೆಂಗಸರ ಫ್ರೀ ಟಿಕೆಟ್ಟು ಬಿತ್ತು, ಹಾವೇರಿಯಿಂದ ಬ್ಯಾಡಗಿಗೆ. ಎರಡನ್ನೂ ಕೈಯಲ್ಲಿ ಹಿಡಿದು ಬಚ್ಚಲ ಬಾಗಿಲಿಗೇ ನಿಂತೆ. ಅತ್ತೆ ನೋಡಿದರು, ಒದ್ದೆ ಸೀರೆಯಲ್ಲೇ ಕುಸಿದು ಕುಳಿತು ಅತ್ತರು. ವರ್ಷದ ಖಾರ ಕುಟ್ಟಿಸಲು ಮೆಣಸಿನಕಾಯಿ ಹುರಿಯುವ ದಿನ ಟಿವಿಯಲ್ಲಿ ಗಡಿಯ ಸುದ್ದಿ ನೋಡುತ್ತಾ ನೋಡುತ್ತಾ ಗೂಟದ ಗಂಟನ್ನೂ ಬಿಚ್ಚಿ ಎಣ್ಣೆಯ ಬಾಣಲೆಗೆ ಸುರಿದುಬಿಟ್ಟಿದ್ದರು. ಮಡಿಯಲ್ಲಿ ಒಂದು ಬೀಜವನ್ನೂ ಹಾಕಿರಲಿಲ್ಲ. ಬ್ಯಾಡಗಿಯಿಂದ ಸಸಿ ಕೊಂಡು ತಂದು, ನಾನು ಮಲಗಿದ ಮೇಲೆ ನೆಟ್ಟಿದ್ದರು. “ಹುರದ ಬೀಜ ಹುಟ್ಟತಾವೇನ ಯವ್ವಾ? ನೀ ದಿನಾ ಬಗ್ಗಿ ಬಗ್ಗಿ ನೋಡಾಕತ್ತಿದ್ದಿ. ಹುಟ್ಟಲಿಲ್ಲ ಅಂದ್ರ ಮನಸಿಗೆ ಏನ ಹಚಗೋತಿ ಅಂತ ಅಂಜಿದೆ” ಎಂದರು. ಬಾಣಲೆಯ ಆಚೆ ಬಿದ್ದು ಉಳಿದದ್ದು ಒಂದೇ ಕಾಯಿ. ಅದನ್ನು ದೇವರ ಜಗಲಿಯ ಮೇಲೆ ಇಟ್ಟುಕೊಂಡಿದ್ದರು, ಬಿತ್ತಲು ಧೈರ್ಯ ಸಾಲದೆ. “ಇದೂ ಹುಟ್ಟದಿದ್ದರ?” ಎಂದು ಕೇಳಿದರು. ಆಗ ಗೊತ್ತಾಯಿತು, ನಾನು ಒಬ್ಬಳೇ ಗಂಟು ಹಾಕಿಕೊಂಡವಳಲ್ಲ. ದಯವಿಟ್ಟು ಈ ಮಾತನ್ನು ಅವರ ಮುಂದೆ ಎತ್ತಬೇಡಿ.

ಮರುದಿನವಲ್ಲ, ಅದರ ಮರುದಿನ ಆ ಕಾಯಿ ಒಡೆದು ತುಪ್ಪದ ಹಳೆಯ ಡಬ್ಬಿಯಲ್ಲಿ ಬೀಜ ಹಾಕಿದೆವು. ದಿನಾ ಇಬ್ಬರೂ ಬೆರಳಿನಿಂದ ನೀರು ಚಿಮುಕಿಸಿದೆವು. ಟಿವಿ ಹಚ್ಚುವುದನ್ನು ಬಿಟ್ಟೆವು. ಆರನೆಯ ದಿನ ಏನಿಲ್ಲ, ಏಳಕ್ಕೂ ಇಲ್ಲ. ಎಂಟನೆಯ ದಿನ ಅತ್ತೆ ಊಟ ಬಿಟ್ಟರು, ನಾನು ಸಿಟ್ಟು ಮಾಡಿ ಒಂದು ರೊಟ್ಟಿ ತಿನ್ನಿಸಿದೆ. ನಿನ್ನೆ ಒಂಬತ್ತನೆಯ ದಿನ, ಮಣ್ಣು ಸೀಳಿ ಎರಡು ಎದ್ದಿವೆ. ಬಗ್ಗಿದ ಕುತ್ತಿಗೆ, ತಲೆಯ ಮೇಲೆ ಬೀಜದ ಸಿಪ್ಪೆ ಇನ್ನೂ ಹಾಗೇ ಇದೆ. ಇವು ಖರೇ ನಿಮ್ಮವು, ನಾನೇ ಕಾವಲಿದ್ದು ನೋಡಿದ್ದೇನೆ. ಕೊಂಡು ತಂದ ಸಸಿಗಳನ್ನೂ ಕೀಳಲಿಲ್ಲ, ಪಾಪ, ಅವುಗಳದ್ದೇನು ತಪ್ಪು.

ಅತ್ತೆಯ ಆಶೀರ್ವಾದ ಈ ಕಾಗದದ ಜೊತೆಗಿದೆ. ಮೈಲಾರಲಿಂಗ ನಿಮ್ಮನ್ನು ಕಾಯಲಿ.

ನಿಮ್ಮ ದಾರಿ ಕಾಯುವ
ಅರುಣಾ

ತಾ.ಕ.: ಅಂಚೆಯ ಕನಕಪ್ಪಣ್ಣ ಕಟ್ಟೆಯ ಮೇಲೆ ಕುಳಿತು ಅವಸರ ಮಾಡುತ್ತಿದ್ದಾನೆ, ಆದರೂ ಇದನ್ನು ಬರೆಯದೆ ಕೊಡಲಾರೆ. ನೀವು ಕಳಿಸಿದ ಕಾಗದ ನಿಮ್ಮ ಕೈಯದ್ದಲ್ಲ. ಅಷ್ಟು ದುಂಡಗೆ ನೀವು ಹುಟ್ಟಿದಾಗಿನಿಂದ ಬರೆದಿಲ್ಲ, ‘ಪ್ರಿಯ ಪತ್ನಿ’ ಎಂದು ಒಂದು ದಿನವೂ ಕರೆದಿಲ್ಲ. ಸಹಿ ಒಂದು ನಿಮ್ಮದು, ಅದೂ ಸೊಟ್ಟಗೆ ಕೆಳಗೆ ಜಾರಿದೆ. ನಿಮ್ಮ ಜೊತೆಗೇ ಫೌಜಿನಲ್ಲಿರುವ ದೇವರಗುಡ್ಡದ ಗೆಳೆಯ ಕೊಟ್ರೇಶ ಫೋನಿನಲ್ಲಿ “ಡ್ಯೂಟಿಗೆ ಹೋಗ್ಯಾನ್ರಿ ವೈನಿ” ಎನ್ನುವಾಗ ಪಕ್ಕದಲ್ಲೇ ನಿಮ್ಮ ಕೆಮ್ಮು ಕೇಳಿಸಿತು. ಬೇರೆ ಕಡೆಯಿಂದ ಸಸಿ ತಂದು ನೆಟ್ಟು ನನ್ನನ್ನು ಸಮಾಧಾನ ಮಾಡುವುದು ತಾಯಿ ಮಗ ಇಬ್ಬರಿಗೂ ರೂಢಿಯೇ? ನಿಮ್ಮ ಬಲಗೈಗೆ ಏನಾಗಿದೆ? ಎಡಗೈಯಲ್ಲಿ ಒಂದೇ ಸಾಲು ಬರೆಯಿರಿ, ಎಷ್ಟು ಸೊಟ್ಟಗಿದ್ದರೂ ಓದುತ್ತೇನೆ. ನಾಟಿ ಮಾಡಲು ನನಗೆ ಎರಡು ಕೈ ಇವೆ. ನೀವು ಬಂದು ಬದುವಿನ ಮೇಲೆ ಕುಳಿತರೆ ಸಾಕು.