ಹೂಲಿಯ ಗೋಡೆಯ ಮೇಲೆ ನಿನ್ನ ಕಣ್ಣು

ಬೈಲಹೊಂಗಲ
೧೨ ಆಗಸ್ಟ್ ೨೦೨೪

ಪ್ರೀತಿಯ ತಮ್ಮಾ ಅರ್ಜುನಾ,

ಹೇಗಿದ್ದೀ? ಹೊತ್ತಿಗೆ ಸರಿಯಾಗಿ ಊಟ ಸಿಗುತ್ತದೆಯೇ? ಗುಜರಾತಿನ ಸಿಹಿ ಬೇಳೆ ನಿನಗೆ ಒಗ್ಗುವುದಿಲ್ಲವೆಂದು ಅವ್ವ ಖಾರದ ಪುಡಿ ಕುಟ್ಟಿ ಇಟ್ಟಿದ್ದಾಳೆ. ಇಲ್ಲಿ ನಾವೆಲ್ಲ ಆರಾಮ ಎಂದು ಬರೆಯುವುದು ವಾಡಿಕೆ, ಆದರೆ ಆರಾಮವಿಲ್ಲ. ಎರಡು ವಾರದಿಂದ ನಿನ್ನ ಫೋನ್ ಬಂದ್ ಇದೆ. ನಿಮ್ಮ ಕಂಪನಿಯವರು ಸೈಟಿನಲ್ಲಿ ನೆಟ್‌ವರ್ಕ್ ಇಲ್ಲವೆಂದು ಹೇಳಿ ಇಟ್ಟುಬಿಡುತ್ತಾರೆ. ಅದಕ್ಕೇ ಕ್ಯಾಂಪಿನ ವಿಳಾಸಕ್ಕೆ ಈ ಪತ್ರ.

ನಿನ್ನ ಕಾಲಿಗೆ ಚಕ್ರ ಕಟ್ಟಿದವರು ಯಾರೋ. ಒಂಬತ್ತನೇ ಇಯತ್ತೆಯಲ್ಲಿ ಮಾಮನ ಹಳೆಯ ಕ್ಯಾಮೆರಾ ಹಿಡಿದು ಕೋಳಿ, ಎಮ್ಮೆ, ರೊಟ್ಟಿ ಬಡಿಯುವ ಅವ್ವನ ಬೆನ್ನು, ಯಾವುದನ್ನೂ ಬಿಡಲಿಲ್ಲ. ಆಮೇಲೆ ರಾಮದುರ್ಗದ ಮದುವೆಗಳು. ಅಕ್ಕಿಕಾಳು ಬೀಳುವ ಹೊತ್ತಿಗೇ ಬ್ಯಾಟರಿ ಮುಗಿದು ಬೀಗರಿಂದ ಬೈಸಿಕೊಂಡೆ. ನಂತರ ಶಾಲೆಯ ಮಕ್ಕಳ ಗುರುತಿನ ಚೀಟಿ, ಕಿತ್ತೂರಿನ ಹೆದ್ದಾರಿಯಲ್ಲಿ ಅಪಘಾತವಾದಾಗ ಪೊಲೀಸರಿಗೆ ಫೋಟೋ. ಆ ಕೆಲಸ ಮಾಡಿದ ದಿನ ನೀನು ಊಟ ಬಿಡುತ್ತಿದ್ದೆ. ಅದೂ ಸಾಕೆಂದು ಡ್ರೋನ್ ಕಲಿತೆ. ಅದು ನಿನ್ನನ್ನು ಸವದತ್ತಿ ಗುಡ್ಡದ ಗಾಳಿಯಂತ್ರಗಳ ಕಡೆ ಎಳೆದುಕೊಂಡು ಹೋಯಿತು, ಅಲ್ಲಿಂದ ಗುಜರಾತಿಗೆ. ಈಗ ನೀನೇ ಹಗ್ಗಕ್ಕೆ ಜೋತುಬಿದ್ದು ರೆಕ್ಕೆಗಳ ಬಿರುಕಿನ ಫೋಟೋ ತೆಗೆಯುತ್ತೀ. "ನೆಲದ ಮ್ಯಾಲ ನಿಂತು ತೆಗಿಯೂ ಫೋಟೋ ಒಂದೂ ಉಳಿದಿಲ್ಲೇನು?" ಎಂದು ಅವ್ವ ಕೇಳಿದಾಗ ನೀನು ನಕ್ಕೆ. ನನಗೆ ನಗು ಬರಲಿಲ್ಲ.

ನೀನು ಬಿಟ್ಟುಹೋದ ಸ್ಟುಡಿಯೋ ನಾನು ನಡೆಸುತ್ತಿದ್ದೇನಲ್ಲ, ಅಲ್ಲಿಯ ಸುದ್ದಿ ಹೇಳಬೇಕು. ಹೂಲಿಯ ರಾಯವ್ವ ಎಂಬವಳು ತೀರಿಕೊಂಡ ಗಂಡನ ಫೋಟೋ ತಂದಿದ್ದಳು. ಇದ್ದದ್ದು ಅದೊಂದೇ, ಹೆಣ ಕೂರಿಸಿದಾಗ ಮೊಬೈಲಿನಲ್ಲಿ ತೆಗೆದದ್ದು. "ಕಣ್ಣು ತೆರಿಸಿ ಕೊಡ್ರಿ, ಗ್ವಾಡಿಗೆ ಹಾಕಬೇಕು" ಎಂದಳು. ನಮಗೇನು ಹೊಸ ಕೆಲಸವಲ್ಲ. ಸತ್ತವರ ಅಣ್ಣನದೋ ಮಗನದೋ ಕಣ್ಣನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ಕೂರಿಸಬೇಕು, ಹೊರಗಿನವರದು ಹಾಕಬಾರದು ಎಂದು ನೀನೇ ಕಲಿಸಿದ್ದೆ. ಆದರೆ ಆತನಿಗೆ ಅಣ್ಣತಮ್ಮಂದಿರಿಲ್ಲ, ಇರುವುದೊಂದು ಹೆಣ್ಣು ಕೂಸು. ನಮ್ಮಲ್ಲಿದ್ದ ಮುಖಗಳನ್ನೆಲ್ಲ ಹಚ್ಚಿ ನೋಡಿದೆ. ಕೊನೆಗೆ ನಿನ್ನದು ಕೂಡಿತು, ಅಳತೆಯೂ ಬೆಳಕೂ. ಆ ಹೊತ್ತಿಗೆ ನನಗದು ಬರೀ ಕೆಲಸ. ರಾಯವ್ವ "ಥೇಟ್ ಹಿಂಗ ನೋಡ್ತಿದ್ರು" ಎಂದು ಅತ್ತಳು. ಅಷ್ಟರಲ್ಲಿ ಬುತ್ತಿ ತಂದ ಅವ್ವ ಚೌಕಟ್ಟು ನೋಡಿದಳು. ಹೆತ್ತವಳಲ್ಲವೇ, ಒಂದೇ ನೋಟಕ್ಕೆ ಗುರುತು ಹಿಡಿದಳು. ರಾಯವ್ವ ಹೋದ ಮೇಲೆ "ನನ್ನ ಮಗನ ಕಣ್ಣಿಗೆ ಹಾರ ಹಾಕಾಕ ಕೊಟ್ಟೀಯಲ್ಲ" ಎಂದು ಕುಸಿದು ಕುಳಿತಳು. ಮರುದಿನದಿಂದಲೇ ನಿನ್ನ ಫೋನ್ ಬಂದ್.

ಇದೆಲ್ಲ ಮೂಢನಂಬಿಕೆ ಎಂದು ನೀನು ಬೈಯುತ್ತೀ. ನಾನೂ ಹಾಗೇ ಅನ್ನುತ್ತಿದ್ದವಳು. ಆದರೆ ದಿನಾ ಸಂಜೆ ಹೂಲಿಯಲ್ಲಿ ಆ ಕಣ್ಣುಗಳ ಮುಂದೆ ದೀಪ ಹಚ್ಚುತ್ತಾರೆಂದು ನೆನೆದಾಗಲೆಲ್ಲ ಮತ್ತೆ ನಿನ್ನ ನಂಬರು ಒತ್ತುತ್ತೇನೆ. ಮೊನ್ನೆ ಹೋಗಿದ್ದೆ, ಬೇರೆ ಮಾಡಿಕೊಡುತ್ತೇನೆ, ಇದನ್ನು ತಿರುಗಿ ಕೊಡು ಎಂದು ಕೇಳಲು. ರಾಯವ್ವನ ಮಗಳು ಫೋಟೋದ ಎದುರು ಕುಳಿತು ಮಗ್ಗಿ ಒಪ್ಪಿಸುತ್ತಿದ್ದಳು. "ಅಪ್ಪ ನನ್ನ ಕಡೆನ ನೋಡ್ತಾನ್ರಿ" ಎಂದಳು. ಚಹಾ ಕುಡಿದು, ಏನೂ ಕೇಳದೆ ಬಸ್ಸು ಹತ್ತಿದೆ.

ಗಾಳಿ ಜೋರಿದ್ದ ದಿನ ಮೇಲೆ ಹತ್ತಬೇಡ. ಹೊಟ್ಟೆ ತುಂಬ ಉಣ್ಣು. ಅವ್ವನ ಆಶೀರ್ವಾದ, ನನ್ನ ಹಾರೈಕೆ ಎರಡೂ ನಿನ್ನ ಬೆನ್ನಿಗಿವೆ.

ನಿನ್ನ ಅಕ್ಕ,
ಪ್ರಣಿತಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಿನ್ನ ಫೋಟೋ ಬಂತು, ಯಾವುದೋ ಗೊತ್ತಿಲ್ಲದ ನಂಬರಿನಿಂದ. ಹೆಲ್ಮೆಟ್ ಹಾಕಿ ನಗುತ್ತಿದ್ದೀ. ಜೊತೆಗೆ ಒಂದು ಮಾತಿಲ್ಲ. ತಿರುಗಿ ಫೋನ್ ಮಾಡಿದರೆ ಯಾರೂ ಎತ್ತುತ್ತಿಲ್ಲ. ಅವ್ವನಿಗೆ ತೋರಿಸಿದೆ. "ಫೋಟೋ ಬ್ಯಾಡವಾ, ನಮ್ಮ ಅಂಗಡ್ಯಾಗ ಸತ್ತವರೂ ಕಣ್ಣು ಬಿಡ್ತಾರ" ಅಂದಳು. ಅವಳ ಮೇಲೆ ರೇಗಿದೆ. ಒಳಗೆ ಬಂದು, ಅದೇ ಫೋಟೋವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ, ನಿನ್ನ ಕಣ್ಣಿನ ಸುತ್ತ ಕತ್ತರಿಸಿದ ಗುರುತು ಹುಡುಕುತ್ತಿದ್ದೇನೆ. ಫೋಟೋ ಕಳಿಸಬೇಡ ತಮ್ಮಾ. ಬೈದರೂ ಸರಿ, ಒಮ್ಮೆ ಮಾತಾಡು.