ಬಿಸ್ಕತ್ತಿನ ಡಬ್ಬಿಯ ವಾಕ್ಯಗಳು

ಆಗಸ್ಟ್ ೧೭, ಭಾನುವಾರ

ಪ್ರೀತಿಯ ಕತ್ತರಿಗೆ,

ನಿನ್ನ ಗೋಂದಿನ ನೆನಪುಗಳು. ನಿನ್ನ ಕಾಗದ, ಪುಸ್ತಕ ಎರಡೂ ಬಂದು ಇಪ್ಪತ್ತು ದಿನವಾಯಿತು. ತಡಕ್ಕೆ ಕಾರಣ ಹೇಳಲು ಉತ್ತರಪತ್ರಿಕೆ, ನೆಗಡಿ, ಮನೆಗೆ ಸುಣ್ಣ ಎಂದು ಮೂರು ನೆಪ ಹೊಂದಿಸಿಟ್ಟುಕೊಂಡಿದ್ದೆ. ಮೂರೂ ಸುಳ್ಳು. ಬರೆಯಲು ಕೂತಾಗಲೆಲ್ಲ ಸಿಟ್ಟು ನೆತ್ತಿಗೇರುತ್ತಿತ್ತು, ಎದ್ದು ಹೋಗಿ ಪಾತ್ರೆ ತಿಕ್ಕುತ್ತಿದ್ದೆ. ಈ ಇಪ್ಪತ್ತು ದಿನ ಹೊಳೆದ ಹಾಗೆ ನಮ್ಮ ಮನೆಯ ಪಾತ್ರೆಗಳು ಹಿಂದೆಂದೂ ಹೊಳೆದಿಲ್ಲ.

ನಮ್ಮನೆಯವರು ಚೆನ್ನಾಗಿದ್ದಾರೆ. ಕನ್ನಡಕದ ಅಂಗಡಿಯಲ್ಲಿ ಊರಿಗೆಲ್ಲ ಕಣ್ಣು ಕೊಟ್ಟು ಬಂದು, ಹಣೆಯ ಮೇಲಿರುವ ತಮ್ಮ ಕನ್ನಡಕವನ್ನು ಮನೆಯೆಲ್ಲ ಹುಡುಕುತ್ತಾರೆ. ಮಗಳು ಒಂಬತ್ತನೇ ಕ್ಲಾಸು. ನನ್ನ ಭುಜ ದಾಟಿದ್ದಾಳೆ. ಈಚೆಗೆ ಮಾತು ಕಡಿಮೆ. ಅದನ್ನು ಆಮೇಲೆ ಬರೆಯುತ್ತೇನೆ.

ಪುಸ್ತಕಕ್ಕೆ ಬಹುಮಾನ ಬಂದದ್ದು ಸಂತೋಷ. ಸಮಾರಂಭಕ್ಕೆ ಬಂದು ಮುಂದಿನ ಸಾಲಿನಲ್ಲಿ ಕೂರಬೇಕು, ಐದು ನಿಮಿಷ ಮಾತಾಡಬೇಕು ಎಂದು ಬರೆದಿದ್ದೀಯ. ಏನು ಮಾತಾಡಲಿ? ಎಂಟು ವರ್ಷ ಸ್ಟಾಫ್ ರೂಮಿನ ಮೂಲೆಯ ಮೇಜಿನಲ್ಲಿ ನಾವಿಬ್ಬರೂ ಮಾಡಿದ್ದನ್ನು ನೀನೊಬ್ಬಳೇ ಕಂಡುಹಿಡಿದೆ ಎಂದು ಮೈಕಿನ ಮುಂದೆ ಒಪ್ಪಿಕೊಳ್ಳಲೇ?

ಹೇಗೆ ಶುರುವಾಯಿತು, ನೆನಪಿದೆಯಾ? ಆ ವರ್ಷದ ಹುಡುಗರು ಪುಟ್ಟ ಇಂಗ್ಲಿಷ್ ವಾಕ್ಯವನ್ನು ಗಟಗಟ ಓದುತ್ತಿದ್ದರು, ಉದ್ದದ ವಾಕ್ಯ ಬಂದರೆ ನಡುದಾರಿಯಲ್ಲಿ ಕೂತುಬಿಡುತ್ತಿದ್ದರು. ನಾನು ಬೋರ್ಡಿನ ಮೇಲೆ ಬರೆದು ಬರೆದು ಸೋತೆ. ನೀನು ಕಿಟಕಿಯ ಸರಳಿನಿಂದ ಸರಳಿಗೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದೆ. ನಾನು ಮೂರು ಬಣ್ಣದ ಕಾಗದ ತಂದೆ. ತನ್ನ ಕಾಲ ಮೇಲೆ ತಾನೇ ನಿಲ್ಲುವ ಮುಖ್ಯ ವಾಕ್ಯ ಬಿಳಿ ಚೀಟಿ. ‘ವೆನ್’, ‘ಹೂ’, ‘ಬಿಕಾಸ್’ ಎಂದು ಶುರುವಾಗಿ, ಇನ್ನೊಂದರ ಕೈ ಹಿಡಿಯದೆ ನಿಲ್ಲಲಾರದ ಉಪವಾಕ್ಯ ಹಳದಿ. ‘ಇನ್’, ‘ಆನ್’, ‘ವಿತ್’ ಮುಂದಿಟ್ಟುಕೊಂಡು ಬರುವ ಎರಡು ಮೂರು ಪದಗಳ ಗುಂಪು ಗುಲಾಬಿ. ನಮ್ಮ ಮಾತಿನಲ್ಲಿ ‘ಬೆಂಚಿನ ಮೇಲೆ’ ಅಂದರೆ ‘ಮೇಲೆ’ ಹಿಂದೆ ಬರುತ್ತದೆ, ಅವರಲ್ಲಿ ಅದೇ ಮುಂದೆ ನಡೆಯುತ್ತದೆ ಎಂದು ತೋರಿಸಲು ನೀನು ತರಗತಿಯಲ್ಲಿ ಹಿಮ್ಮುಖವಾಗಿ ನಡೆದು ಕಸದ ಬುಟ್ಟಿಯಲ್ಲಿ ಕಾಲಿಟ್ಟಿದ್ದೆ. ಹಳದಿಯ ಹೊಟ್ಟೆಯೊಳಗೆ ಗುಲಾಬಿ ಸೇರುತ್ತದೆ, ಗುಲಾಬಿಯ ಬಾಲಕ್ಕೆ ಮತ್ತೊಂದು ಹಳದಿ ಅಂಟುತ್ತದೆ ಎಂದು ಹುಡುಗರಿಗೆ ಗೊತ್ತಾದ ದಿನ, ಒಂದೇ ವಾಕ್ಯ ಹಗ್ಗದ ಈ ತುದಿಯಿಂದ ಆ ತುದಿಗೆ ಹರಿದು ಕ್ಲಿಪ್ಪುಗಳೇ ಸಾಲದೆ ಹೋದವು. ನೀನು ಕತ್ತರಿಸುವವಳು, ನಾನು ಅಂಟಿಸುವವಳು. ಡ್ರಿಲ್ ಮೇಷ್ಟ್ರು ನಮಗೆ ಕತ್ತರಿ-ಗೋಂದು ಎಂದು ಹೆಸರಿಟ್ಟರು.

ಪುಸ್ತಕದಲ್ಲಿ ಆ ಹಗ್ಗ ಇದೆ, ಮೂರು ಬಣ್ಣ ಇವೆ, ಕಸದ ಬುಟ್ಟಿಯೂ ಇದೆ. ಗೋಂದು ಮಾತ್ರ ಇಲ್ಲ. ಮೊದಲ ಪುಟದಲ್ಲಿ ‘ಸಹೋದ್ಯೋಗಿಗಳಿಗೆ ಕೃತಜ್ಞತೆ’ ಎಂದಿದೆ. ನಾನು ಆ ‘ಗಳಿಗೆ’ಯೊಳಗೆ ಎಲ್ಲೋ ಇರಬಹುದು, ಪಕ್ಕದಲ್ಲಿ ಡ್ರಿಲ್ ಮೇಷ್ಟ್ರೂ ಇರಬಹುದು. ನಮ್ಮನೆಯವರು ಪುಟ ತಿರುವಿ, “ಹೋಗ್ಲಿ ಬಿಡೇ, ಹೆಸರು ತಗೊಂಡು ಉಪ್ಪಿನಕಾಯಿ ಹಾಕ್ತೀಯಾ?” ಅಂದರು. ನನಗೆ ನೋವಾಯಿತು ಕಣೆ. ಆದರೆ ಅದನ್ನು ನುಂಗಿಕೊಳ್ಳುತ್ತಿದ್ದೆ, ಸುಳ್ಳಲ್ಲ.

ನುಂಗಲಾಗದ್ದು ಎಪ್ಪತ್ತೊಂದನೇ ಪುಟ.

ನಮ್ಮದೊಂದು ಕಟ್ಟಳೆ ಇತ್ತು. ‘ಬೆಕ್ಕು ಚಾಪೆಯ ಮೇಲೆ ಕೂತಿತು’ ಅನ್ನುವಂಥ ಸತ್ತ ವಾಕ್ಯ ನಮಗೆ ಬೇಡ, ನಡೆದದ್ದನ್ನೇ ವಾಕ್ಯ ಮಾಡೋಣ ಎಂದು. ಹಾಗಾಗಿ ನಾವಿಬ್ಬರೂ ಮಧ್ಯಾಹ್ನ ಹೇಳಿಕೊಂಡದ್ದೇ ಸಂಜೆಗೆ ವಾಕ್ಯವಾಗುತ್ತಿತ್ತು. ನಿನ್ನ ಅತ್ತೆ ಬೀಗದ ಕೈ ಬಚ್ಚಿಟ್ಟದ್ದು, ನಿನ್ನ ಅಣ್ಣ ಕುಡಿದು ಬಂದು ಅತ್ತದ್ದು. ಅದನ್ನೇ ಬರೆದು, ಕತ್ತರಿಸಿ, ಕಲಸಿ, ಮತ್ತೆ ಜೋಡಿಸಿ, ಕೀಲುಗಳು ಗಟ್ಟಿ ಇವೆಯೇ ಎಂದು ನೋಡುತ್ತಿದ್ದೆವು. ತರಗತಿಗೆ ಆಗುವಂಥವು ತರಗತಿಗೆ. ಹೊಟ್ಟೆಯೊಳಗಿನ ಮಾತಿನವು ಬಿಸ್ಕತ್ತಿನ ಡಬ್ಬಿಗೆ. ಡಬ್ಬಿಯದು ಹುಡುಗರ ಕಣ್ಣಿಗೆ ಬೀಳಬಾರದು, ಅಷ್ಟೆ. ಹರಿದು ಹಾಕೋಣವೆಂದರೆ ನೀನೇ, “ಇರ್ಲಿ ಕಣೆ, ಮುದುಕಿಯರಾದ್ಮೇಲೆ ಓದಿ ನಗೋಣ,” ಅಂದಿದ್ದೆ. ನನಗೆ ವರ್ಗವಾದ ದಿನ ಆ ಡಬ್ಬಿಯನ್ನು ನಾನೇ, ನನ್ನ ಕೈಯಾರೆ, ದಾರ ಸುತ್ತಿ ನಿನಗೆ ಕೊಟ್ಟೆ. ತಪ್ಪು ಅಲ್ಲೇ ಆಯಿತು.

ಆ ಸ್ವೆಟರಿನ ದಿನ ನೀನು ಮರೆತಿರಲಾರೆ. ಗುಂಡಿ ಬಿದ್ದುಹೋಗಿದ್ದ ಅಂಗೈಯಗಲದ ಕೆಂಪು ಸ್ವೆಟರನ್ನು ಚೀಲದಿಂದ ತೆಗೆದಾಗ ನೀನು, “ಏನೇ, ಇನ್ನೊಂದಾ?” ಎಂದು ಕಣ್ಣು ಹೊಡೆದೆ. ನನಗೆ ಅಳು ಬಂತು. ಮಗಳು ನಾನು ಹೆತ್ತವಳಲ್ಲ ಎಂದು ನನ್ನನ್ನೂ ನಮ್ಮನೆಯವರನ್ನೂ ಬಿಟ್ಟರೆ ಗೊತ್ತಾದದ್ದು ಅಂದು ನಿನಗೆ. ನಾವು ಆ ಊರಿಗೆ ಬಂದಾಗ ಅವಳಿಗೆ ಎರಡು ವರ್ಷ, ಯಾರೂ ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ. ಅವಳು ಹತ್ತನೇ ಕ್ಲಾಸು ಮುಗಿಸಲಿ, ನಾನೇ ಕೂರಿಸಿಕೊಂಡು ಹೇಳುತ್ತೇನೆ, ಬೇರೆ ಯಾರ ಬಾಯಿಂದಲೂ ಅವಳ ಕಿವಿಗೆ ಬೀಳಬಾರದು ಅಂದೆ. ನೀನು ನನ್ನ ಕೈ ಹಿಡಿದು, “ನನ್ನ ಬಾಯಿಂದ ಬರಲ್ಲ ಕಣೆ,” ಅಂದೆ. ನಿನ್ನದೇ ಕೈಚೀಲದ ನೀಲಿ ಗುಂಡಿ ಕಿತ್ತು ಸ್ವೆಟರಿಗೆ ಹೊಲಿದೆ. ಸಂಜೆ ಅದೂ ವಾಕ್ಯವಾಯಿತು. ಆಸ್ಪತ್ರೆಯಲ್ಲಿ ಕೂಸು ನನ್ನ ಕೈಗೆ ಬಂದಾಗ ಆ ಸ್ವೆಟರಿಗೆ ನೀಲಿ ಗುಂಡಿ ಎಲ್ಲಿತ್ತು? “ಒಂದು ಗುಲಾಬಿ ಚೀಟಿ ಕಡಿಮೆಯಾಯ್ತು,” ಎಂದು ವಾಕ್ಯಕ್ಕೆ ಅದನ್ನು ನೀನೇ ಸೇರಿಸಿದ್ದು.

ನಿನ್ನ ಬಾಯಿಂದ ಬರಲಿಲ್ಲ, ನಿಜ. ಪ್ರಕಾಶಕರು ಒಂದೇ ತಿಂಗಳಲ್ಲಿ ಅರವತ್ತು ವಾಕ್ಯ ಕೇಳಿದರು, ಹೇಗೋ ಒದಗಿಸಿದೆ ಎಂದು ಬರೆದಿದ್ದೀಯ. ಹೇಗೆ ಎಂದು ಆ ಪುಟದ ನಲವತ್ತೆರಡನೇ ಅಭ್ಯಾಸ ಹೇಳಿತು. ಇಂಗ್ಲಿಷಿನಲ್ಲಿರುವುದನ್ನು ನಮ್ಮ ಮಾತಿಗೆ ತಂದರೆ ಇಷ್ಟು: ‘ಹೆತ್ತ ತಾಯಿ ತಿರುಗಿ ಬಾರದ ಕೂಸನ್ನು, ಒಂದು ನೀಲಿ ಗುಂಡಿಯ ಕೆಂಪು ಸ್ವೆಟರಿನಲ್ಲಿ ಸುತ್ತಿ, ಒಂಬತ್ತು ವರ್ಷ ತೊಟ್ಟಿಲು ಖಾಲಿಯಿದ್ದ ಟೀಚರ ಕೈಗೆ, ಆಸ್ಪತ್ರೆಯ ಹಿಂಬಾಗಿಲ ಬೆಂಚಿನ ಮೇಲೆ ನರ್ಸು ಕೊಟ್ಟಳು.’ ಕೆಳಗೆ: ‘ಹಳದಿ ಎಷ್ಟು? ಗುಲಾಬಿ ಎಷ್ಟು?’

ನಿನ್ನ ಅತ್ತೆಯ ಬೀಗದ ಕೈ ಪುಸ್ತಕದಲ್ಲಿಲ್ಲ. ನಿನ್ನ ಅಣ್ಣನೂ ಇಲ್ಲ. ಅರವತ್ತೂ ಓದಿದೆ. ಡಬ್ಬಿಯಿಂದ ನನ್ನವನ್ನು ಮಾತ್ರ ಆರಿಸಿಕೊಂಡಿದ್ದೀಯ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳಲಿ ಎಂದು ಹಿರಿಯರು ಕೇಳಿದ್ದು ಇಂಥದ್ದಕ್ಕೇ. ಹೆಸರಿಲ್ಲವಲ್ಲ, ಯಾರಿಗೆ ತಿಳಿಯುತ್ತದೆ ಎಂದು ನೀನು ಅಂದುಕೊಂಡಿರಬಹುದು. ವಾಕ್ಯ ಚೆನ್ನಾಗಿತ್ತು, ಅದಕ್ಕೇ ಹಾಕಿದೆ ಅನ್ನಲೂಬಹುದು. ಚೆನ್ನಾಗಿತ್ತು, ನಾನೇ ಹೇಳುತ್ತೇನೆ.

ಸಮಾರಂಭಕ್ಕೆ ಬರುವುದಿಲ್ಲ. ನಿನಗೆ ಕೆಟ್ಟದಾಗಲಿ ಎಂದು ಬರೆಯಲು ಕೈ ಏಳುತ್ತಿಲ್ಲ. ನಿನ್ನ ಮಂಡಿನೋವು ಕಡಿಮೆಯಾಗಲಿ, ಹಾರ ಹಾಕಿಸಿಕೊಂಡು ಫೋಟೊದಲ್ಲಿ ಚೆನ್ನಾಗಿ ಬಾ, ನಿನ್ನ ಮಕ್ಕಳು ತಣ್ಣಗಿರಲಿ. ಆ ಡಬ್ಬಿಯನ್ನು ಮಾತ್ರ ದಾರ ಬಿಚ್ಚಿದ ಹಾಗೇ ವಾಪಸ್ ಕಳಿಸು.

ಇಂತಿ,
ಒಂದು ಕಾಲದ ನಿನ್ನ
ಗೋಂದು

ಮರೆತ ಮಾತು: ಎಪ್ಪತ್ತೊಂದನೇ ಪುಟವನ್ನು ನಾನು ನೋಡಿದೆ ಎನ್ನುವ ಹಾಗೆ ಮೇಲೆ ಬರೆದಿದ್ದೇನೆ. ಮೊದಲು ನೋಡಿದವಳು ನಾನಲ್ಲ. ‘ಮುದ್ದಿಗೆ, ಕತ್ತರಿ ಚಿಕ್ಕಮ್ಮನಿಂದ’ ಎಂದು ಬರೆದು ಮಗಳಿಗೆಂದೇ ಇನ್ನೊಂದು ಪ್ರತಿ ಕಳಿಸಿದ್ದೆಯಲ್ಲ, ಅದರ ಅಭ್ಯಾಸವನ್ನೆಲ್ಲ ಮಾಡಿ ನನ್ನನ್ನು ಬೆರಗುಗೊಳಿಸಬೇಕೆಂದು ದಿನಕ್ಕಿಷ್ಟು ಮಾಡುತ್ತಿದ್ದಳು. ಹೋದ ಸೋಮವಾರ ನಾನು ಸ್ಕೂಲಿನಿಂದ ಬಂದಾಗ ಹಿತ್ತಲಿನ ಹಗ್ಗದ ಮೇಲೆ ನಲವತ್ತೆರಡನೆಯದು ತೂಗುತ್ತಿತ್ತು. ಬಿಳಿ, ಹಳದಿ, ಗುಲಾಬಿ, ಒಂದೂ ತಪ್ಪಿಲ್ಲ. ಕೊನೆಯಲ್ಲಿ ಎರಡು ಕ್ಲಿಪ್ಪು ಹಾಕಿ ಬೀರುವಿನಲ್ಲಿಟ್ಟಿದ್ದ ಆ ಕೆಂಪು ಸ್ವೆಟರನ್ನೂ ತೂಗುಹಾಕಿದ್ದಳು.

ನಾನು ಅವಳ ಮುಂದೆ ನಿನ್ನ ಮೇಲೆ ಹಾರಾಡಿದೆ. ಆ ಗುಂಡಿಯೂ ನಿನ್ನ ಕೈಚೀಲದ್ದೇ ಎಂದೆ, ಮೋಸ, ದ್ರೋಹ, ಏನೇನೋ ಅಂದೆ. ಅವಳು ಮುಗಿಯುವವರೆಗೂ ಕಾದು, “ಚಿಕ್ಕಮ್ಮ ಊರಿಗೆಲ್ಲ ಹೇಳಿದ್ರು, ತಪ್ಪು. ನೀನು ನನಗೊಬ್ಬಳಿಗೇ ಹೇಳ್ಲಿಲ್ವಲ್ಲಮ್ಮ?” ಅಂದಳು.

ಅಂದಿನಿಂದ ಊಟಕ್ಕೆ ಕರೆದರೆ ಬರುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಅಮ್ಮಾ ಎಂದು ತಾನಾಗಿ ಕರೆದಿಲ್ಲ. ಈ ಕಾಗದ ಬರೆಯುವುದು ನೋಡಿ ಈಗಷ್ಟೇ ಬಂದು, ಆ ನೀಲಿ ಗುಂಡಿಯನ್ನು ಕತ್ತರಿಸಿ ಮೇಜಿನ ಮೇಲಿಟ್ಟು, “ಇದು ಅವರದು, ಕಳಿಸಿಬಿಡು,” ಎಂದು ಹೋದಳು. ಲಕೋಟೆಯಲ್ಲಿ ಇಟ್ಟಿದ್ದೇನೆ. ಸ್ವೆಟರನ್ನು ನನಗೆ ಕೊಡಲಿಲ್ಲ, ತನ್ನ ಕೋಣೆಗೆ ತೆಗೆದುಕೊಂಡು ಹೋದಳು.